ತಾರತಮ್ಯ ಮಾಡದ ಪರೀಕ್ಷೆ ಎಲ್ಲಿದೆ?

‘ಬುದ್ಧಿಮತ್ತೆ ಪರೀಕ್ಷೆ ತಾರತಮ್ಯ ಮಾಡುತ್ತದೆ, ಅದಕ್ಕೇ ಅಮೆರಿಕದಲ್ಲಿ ನೌಕರಿಗೆ ಅದನ್ನು ನಿಷೇಧಿಸಿದ್ದಾರೆ.’ ಈ ಮಾತನ್ನು ಮತ್ತೆ ಓದಿದೆ. ತಪ್ಪು ಎರಡಿವೆ. ಮೊದಲನೆಯದು ಪದದ್ದು.

ತಾರತಮ್ಯದ ಹೊಟ್ಟೆಯಲ್ಲಿರುವುದು ಸಂಸ್ಕೃತದ ಎರಡು ಪ್ರತ್ಯಯಗಳು: ತರ, ತಮ. ಲಘುತರ, ಲಘುತಮ, ಉಚ್ಚತರ, ಉಚ್ಚತಮ. ಹೀಗೆ ಒಂದರ ಮೇಲೊಂದು ಮೆಟ್ಟಿಲು ಜೋಡಿಸುವುದೇ ತಾರತಮ್ಯ. ಮಾಧ್ವರು ದೇವತಾ ತಾರತಮ್ಯ ಎನ್ನುವಾಗ ಯಾವ ದೇವರಿಗೂ ಅನ್ಯಾಯವಾಯಿತೆಂದು ದೂರುತ್ತಿಲ್ಲ, ಶ್ರೇಣಿ ಹೇಳುತ್ತಿದ್ದಾರೆ. ‘ತಾರತಮ್ಯ ಜ್ಞಾನವಿಲ್ಲದವನು’ ಎಂದು ಹಿರಿಯರು ಬೈಯುವುದೂ ಮೇಲು ಕೀಳು ತಿಳಿಯದವನನ್ನೇ. ಭೇದಭಾವ ಎಂಬ ಒಳ್ಳೆಯ ಪದ ಕೈಯಲ್ಲಿದ್ದೂ ಅದರ ಕೆಲಸವನ್ನೆಲ್ಲ ತಾರತಮ್ಯದ ತಲೆಗೆ ಕಟ್ಟಿದ್ದೇವೆ. ಅಭ್ಯರ್ಥಿಗಳನ್ನು ಮೇಲೆ ಕೆಳಗೆ ಇಡಲಾಗದ ಪರೀಕ್ಷೆಗೆ ಕಾಗದವೇ ದಂಡ.

ಎರಡನೆಯದು ಕಾನೂನಿನದ್ದು. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆ ಪರೀಕ್ಷೆಗಳಿಗೆ ಹೆಸರಿಟ್ಟೇ ಅವಕಾಶ ಕೊಟ್ಟಿದೆ. ಅದರ ಉದ್ಯೋಗದ ಭಾಗ ಜಾರಿಯಾದದ್ದು 1965ರ ಜುಲೈ 2ರಂದು. ಅಲ್ಲಿಯವರೆಗೆ ಉತ್ತರ ಕೆರೊಲಿನಾದ ಡ್ಯೂಕ್ ಪವರ್ ಕಂಪನಿಯ ಡ್ಯಾನ್ ರಿವರ್ ವಿದ್ಯುತ್ ಸ್ಥಾವರದಲ್ಲಿ ಕಪ್ಪು ವರ್ಣೀಯರಿಗೆ ಕೂಲಿ ವಿಭಾಗ ಬಿಟ್ಟು ಬೇರೆಡೆ ಕೆಲಸವಿರಲಿಲ್ಲ. ಸರಿಯಾಗಿ ಅದೇ ದಿನ ಕಂಪನಿ ಉಳಿದ ವಿಭಾಗಗಳಿಗೆ ಸೇರುವ ಹೊಸಬರಿಗೆ ಎರಡು ಪರೀಕ್ಷೆ ಹೇರಿತು. ಅವುಗಳಲ್ಲಿ ಒಂದು, 12 ನಿಮಿಷಕ್ಕೆ 50 ಪ್ರಶ್ನೆಗಳ ವಂಡರ್ಲಿಕ್ ಎಂಬ ಬುದ್ಧಿಮತ್ತೆ ಪರೀಕ್ಷೆ. ಇದಾವುದನ್ನೂ ಬರೆಯದೆ ಮೊದಲೇ ಸೇರಿದ್ದ ಬಿಳಿಯರು ಅದೇ ಕೆಲಸಗಳನ್ನು ನೆಟ್ಟಗೆ ಮಾಡುತ್ತಿದ್ದರು!

ಸ್ಥಾವರದ ಕಪ್ಪು ನೌಕರರು ಕೋರ್ಟಿಗೆ ಹೋದರು. ಕೆಳ ನ್ಯಾಯಾಲಯಗಳಿಗೆ ಇದರಲ್ಲಿ ದುರುದ್ದೇಶ ಕಾಣಲಿಲ್ಲ. ಗ್ರಿಗ್ಸ್ ಪ್ರಕರಣವೆಂದು ಹೆಸರಾದ ಇದರಲ್ಲಿ 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿದ್ದು, ಉದ್ದೇಶ ಒಳ್ಳೆಯದಿದ್ದರೆ ಸಾಲದು, ಪರಿಣಾಮವನ್ನೂ ನೋಡಬೇಕು ಎಂದು. ಮುಖ್ಯ ನ್ಯಾಯಮೂರ್ತಿ ಬರ್ಗರ್ ತೀರ್ಪಿನಲ್ಲಿ ನರಿ ಮತ್ತು ಕೊಕ್ಕರೆಯನ್ನು ನೆನೆದರು: ಹಾಲು ಇಟ್ಟರಾಯಿತೇ, ಪಾತ್ರೆಗೆ ಇಬ್ಬರ ಬಾಯಿಯೂ ಹೋಗಬೇಡವೇ?

ಉದ್ದೇಶವಿಲ್ಲದೆಯೂ ಒಂದು ಗುಂಪಿಗೆ ಹೆಚ್ಚು ಪೆಟ್ಟು ಬೀಳುವುದಕ್ಕೆ ‘ಅಸಮ ಪರಿಣಾಮ’ ಎನ್ನೋಣ. ಅಳತೆಗೆ ಅಮೆರಿಕ ಸರ್ಕಾರದ 1978ರ ಮಾರ್ಗಸೂಚಿಯ ಐದರಲ್ಲಿ ನಾಲ್ಕರ ಲೆಕ್ಕವಿದೆ: ಒಂದು ಗುಂಪಿನ ನೂರರಲ್ಲಿ 60 ಮಂದಿ ಆಯ್ಕೆಯಾದರೆ ಇನ್ನೊಂದರಲ್ಲಿ 48ಕ್ಕಿಂತ ಕಡಿಮೆಯಾದಾಗ ಅನುಮಾನ ಹುಟ್ಟುತ್ತದೆ. ಅದು ಅನುಮಾನವಷ್ಟೇ, ಅಪರಾಧವಲ್ಲ. ಪರೀಕ್ಷೆಗೂ ಕೆಲಸಕ್ಕೂ ನಂಟಿದೆಯೆಂದು ಮಾಲೀಕ ತೋರಿಸಿದರೆ ಪರೀಕ್ಷೆ ಉಳಿಯಬಹುದು. ತೋರಿಸಲಾಗದಿದ್ದರೆ ಮೊಕದ್ದಮೆ ಸೋತಂತೆ.

ನಿಷೇಧ ಎಂಬ ಪದ ಬೇಕೇ ಬೇಕೆನ್ನುವವರಿಗೆ 1991ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಒಂದು ಸಿಗುತ್ತದೆ. ಅಲ್ಲಿ ನಿಷೇಧಿಸಿರುವುದು ಪರೀಕ್ಷೆಯನ್ನಲ್ಲ, ಜನಾಂಗ ನೋಡಿ ಅಂಕ ತಿದ್ದುವುದನ್ನು.