ಚಪ್ಪಟೆಯಾಯಿತು ಅಂತ ನೀರು ಸುರಿಯಬೇಡಿ

ಡಿಸೆಂಬರಿನ ಒಂದು ಬೆಳಿಗ್ಗೆ ಶಿಡ್ಲಘಟ್ಟದ ನಿವೃತ್ತ ಮೇಷ್ಟ್ರೊಬ್ಬರು ಟವೆಲ್ಲಿನಲ್ಲಿ ಕುಂಡ ಸುತ್ತಿಕೊಂಡು ನಮ್ಮ ನರ್ಸರಿಗೆ ಬಂದರು. "ನೋಡಮ್ಮ, ಗುಂಡಗಿದ್ದದ್ದು ಚಪ್ಪಟೆ ಆಗ್ಬಿಡ್ತು. ಬಾಯಾರಿರಬೇಕು ಅಂತ ದಿನಾ ಒಂದು ಲೋಟ ನೀರು ಹಾಕಿದೆ" ಎಂದರು. ಬುಡ ಒತ್ತಿ ನೋಡಿದೆ. ಕೊಳೆತ ಟೊಮೆಟೊಗೆ ಇಳಿದ ಹಾಗೆ ಬೆರಳು ಒಳಗೆ ಇಳಿಯಿತು.

ಗಿಡ ಆಸ್ಟ್ರೋಫೈಟಮ್ ಆಸ್ಟೀರಿಯಸ್. ಮುಳ್ಳೇ ಇಲ್ಲದ ಪಾಪಾಸುಕಳ್ಳಿ. ಸಾಮಾನ್ಯವಾಗಿ ಎಂಟು ಹೋಳು, ಮೈತುಂಬ ರಂಗೋಲಿಗೆ ಇಟ್ಟಂಥ ಬಿಳಿ ಚುಕ್ಕೆ. ತವರು ಟೆಕ್ಸಾಸಿನ ದಕ್ಷಿಣ ತುದಿ ಮತ್ತು ಪಕ್ಕದ ಮೆಕ್ಸಿಕೊ. ಅಲ್ಲಿ ನೀರಿಲ್ಲದ ದಿನಗಳಲ್ಲಿ ಇದು ಕುಗ್ಗಿ, ನೆಲದ ಮಟ್ಟಕ್ಕೆ ಇಳಿದು ಸುಮ್ನೆ ಕೂತಿರುತ್ತದೆ. ಅದು ಬದುಕುವ ಉಪಾಯ. ನಾವು ಕಾಯಿಲೆ ಅಂದುಕೊಂಡು ಚೊಂಬು ಎತ್ತುತ್ತೇವೆ.

ನವೆಂಬರ್ ಕೊನೆಯಿಂದ ಶಿವರಾತ್ರಿವರೆಗೆ ನಾನು ಇದಕ್ಕೆ ನೀರು ಹಾಕುವುದೇ ಅಪರೂಪ. ಚಳಿ ಹೋದ ಮೇಲೆ ಒಮ್ಮೆ ಕುಂಡದ ತಳದಿಂದ ಹರಿಯುವಷ್ಟು ಹಾಕಿ, ಮಣ್ಣು ಪೂರ್ತಿ ಒಣಗುವವರೆಗೆ ಕಾಯುತ್ತೇನೆ. ಒಣಗಿದೆಯೋ ಇಲ್ಲವೋ ತಿಳಿಯಲು ಕುಂಡ ಎತ್ತಿ ನೋಡಿದರೆ ಸಾಕು, ತೂಕವೇ ಹೇಳುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಹಾಕಿ.

ಮಣ್ಣಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ನಮ್ಮ ಕೆಮ್ಮಣ್ಣು ರಾಗಿಗೆ ಚೆನ್ನ, ಈ ಬೇರಿಗೆ ಅಲ್ಲ. ಒದ್ದೆಯಾದರೆ ಅಂಟುತ್ತದೆ, ಒಣಗಿದರೆ ಇಟ್ಟಿಗೆ. ಮೂರು ಪಾಲು ಸಣ್ಣ ಜಲ್ಲಿ ಮತ್ತು ಇಟ್ಟಿಗೆ ಚೂರು, ಒಂದು ಪಾಲು ಹಳೇ ಎಲೆಗೊಬ್ಬರ. ಜಲ್ಲಿಯನ್ನು ಜರಡಿ ಹಿಡಿದು, ಧೂಳು ಹೋಗುವಂತೆ ತೊಳೆದು ಬಳಸಿ. ಧೂಳು ಉಳಿದರೆ ತಳದಲ್ಲಿ ಸಿಮೆಂಟಿನ ಹಾಗೆ ಕೂರುತ್ತದೆ. ಗಿಡ ಬದಲಿಸಿದ ಮೇಲೆ ಒಂದು ವಾರ ನೀರು ಬೇಡ, ಗಾಯಗೊಂಡ ಬೇರು ಮಾಯಬೇಕು.

ಉತ್ತರೆ, ಹಸ್ತ, ಚಿತ್ತೆ ಮಳೆಗಳೇ ನಮ್ಮ ಕಡೆ ಜಾಸ್ತಿ ಅಲ್ವಾ? ಆಗ ಗಿಡ ಪಾರದರ್ಶಕ ಶೀಟಿನ ಕೆಳಗಿರಲಿ. ಗಾಳಿ ಮಾತ್ರ ಆಡುತ್ತಿರಬೇಕು.

ಮರಳುಗಾಡಿನದು ಅಂತ ಏಪ್ರಿಲ್ ಬಿಸಿಲಿಗೆ ಒಡ್ಡುವವರೂ ಇದ್ದಾರೆ. ತವರಿನಲ್ಲಿ ಇದು ಮುಳ್ಳುಪೊದೆಗಳ ನೆರಳಲ್ಲಿ ಬೆಳೆಯುವಂಥದ್ದು. ಬೇಸಿಗೆಗೆ ಶೇಡ್ ನೆಟ್ ಕಟ್ಟಿ. ಒಮ್ಮೆ ಸುಟ್ಟ ಕಲೆ ಹೋಗುವುದಿಲ್ಲ. ಚೆನ್ನಾಗಿದ್ದ ಗಿಡ ಕಾರಣವಿಲ್ಲದೆ ಮಂಕಾದರೆ ಕುಂಡದಿಂದ ಕಿತ್ತು ಬೇರು ನೋಡಿ. ಹತ್ತಿಯಂಥ ಬಿಳಿ ಕಂಡರೆ ಹಿಟ್ಟು ತಿಗಣೆ.

ಕಾಡಿನಿಂದ ಕಿತ್ತು ಕಿತ್ತು ಇದು ವಿರಳವಾಗಿದೆ. ಅಮೆರಿಕ 1993ರಲ್ಲೇ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಬೀಜದಿಂದ ಬೆಳೆಸಿದ ಗಿಡವನ್ನೇ ಕೇಳಿ ಕೊಳ್ಳಿ.

ಮೇಷ್ಟ್ರ ಗಿಡ ಉಳಿಯಲಿಲ್ಲ. ಎರಡು ಮರಿ ಕೊಟ್ಟು ಕಳಿಸಿದೆ. ಒಂದೇ ಸಾಕು ಎಂದರು. ತನ್ನ ಪರಾಗಕ್ಕೆ ತಾನು ಕಾಯಿ ಕಟ್ಟದ ಜಾತಿ ಇದು, ಬೀಜ ಬೇಕಿದ್ದರೆ ಜೋಡಿ ಬೇಕು ಎಂದೆ. ಹಳದಿ ಹೂವಿನ ನಡುವೆ ಕೆಂಪು ಇರುತ್ತದೆ ಅಂತ ಹೇಳಿದ ಮೇಲೆ ಎರಡನ್ನೂ ಅದೇ ಟವೆಲ್ಲಿನಲ್ಲಿ ಸುತ್ತಿಕೊಂಡರು.