ಸೀಮಂತದ ಹೊತ್ತಿನ ಕಥೆಗಳು

ಮಂಡ್ಯದ ಹತ್ತಿರದ ಹಳ್ಳಿಯೊಂದಕ್ಕೆ ಈಚೆಗೆ ಸೀಮಂತಕ್ಕೆ ಹೋಗಿದ್ದೆ. ಹಸಿರು ಬಳೆ ತೊಟ್ಟ ಚೊಚ್ಚಲು ಬಸುರಿ ಹಸೆಯ ಮೇಲಿದ್ದಳು. ಮಡಿಲು ತುಂಬಿದ ಹೆಂಗಸರು ಅಲ್ಲಿಯೇ ಕುಳಿತು ತಮ್ಮ ತಮ್ಮ ಹೆರಿಗೆಯ ಕಥೆ ಬಿಚ್ಚಿದರು. ಒಬ್ಬರಿಗೆ ಎರಡು ದಿನ ನೋವು, ಇನ್ನೊಬ್ಬರಿಗೆ ನಡುರಾತ್ರಿ ಮೈಸೂರಿಗೆ ಆಂಬುಲೆನ್ಸ್. ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದು ಯಾರೋ ಸೇರಿಸಿದರು. ಹುಡುಗಿ ಕೈಯಲ್ಲಿದ್ದ ಚಿಗಳಿಯನ್ನು ತಟ್ಟೆಗೆ ಇಟ್ಟುಬಿಟ್ಟಳು.

ಇದನ್ನು ಬರೀ ಹರಟೆ ಎಂದು ತಳ್ಳಿಹಾಕುವಂತಿಲ್ಲ. 'ಇದು ನನ್ನ ಕೈಲಾಗುತ್ತದೆ' ಎಂಬ ನಂಬಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದರು. ಸ್ವಂತ ಅನುಭವ, ಬೇರೆಯವರದನ್ನು ಕಂಡದ್ದು ಕೇಳಿದ್ದು, ಹತ್ತಿರದವರು ತುಂಬುವ ಧೈರ್ಯ, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ: ಅವರು ಗುರುತಿಸಿದ ಮೂಲಗಳು ಇವು. ಇವುಗಳಲ್ಲಿ ಗಟ್ಟಿಯಾದದ್ದು ಸ್ವಂತ ಅನುಭವ. ಚೊಚ್ಚಲು ಬಸುರಿಯ ಬಳಿ ಇಲ್ಲದಿರುವುದೂ ಅದೇ. ಹಾಗಾಗಿ ಅವಳು ಕೇಳಿದ ಕಥೆಗಳೇ ಅವಳ ಅನುಭವವಾಗಿಬಿಡುತ್ತವೆ.

ಹೆದರಿಕೆ ಮನಸ್ಸಿನಲ್ಲಿಯೇ ನಿಲ್ಲುವುದಿಲ್ಲ. ಗರ್ಭಕೋಶವನ್ನು ಹಿಂಡಿಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ಭಯವಾದಾಗ ಉಕ್ಕುವ ಅಡ್ರಿನಲಿನ್ ಆ ಸ್ನಾಯುವನ್ನು ಸಡಿಲಿಸಿ ಹೆರಿಗೆಯನ್ನು ನಿಧಾನಗೊಳಿಸಬಲ್ಲದು. ದಿನ ತುಂಬುವ ಮೊದಲೇ ನೋವು ಬಂದರೆ ತಡೆಯಲು ವೈದ್ಯರು ಕೊಡುತ್ತಿದ್ದ ಟರ್ಬುಟಲಿನ್ ಕೂಡ ಅಡ್ರಿನಲಿನ್‌ನಂತೆಯೇ ಕೆಲಸ ಮಾಡುವ ಔಷಧ. ಇನ್ನೊಂದು ಕಡೆ, ಹೆದರಿದರೆ ಮೈ ಬಿಗಿಯುತ್ತದೆ, ಬಿಗಿದರೆ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ಮತ್ತೆ ಹೆದರಿಕೆ. ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ ಕಳೆದ ಶತಮಾನದ ಮೊದಲರ್ಧದಲ್ಲಿಯೇ ಈ ಸುಳಿಯ ಬಗ್ಗೆ ಬರೆದಿದ್ದರು. ಆದರೆ ಭಯ ಹೋದರೆ ನೋವೂ ಹೋಗುತ್ತದೆ ಎನ್ನುವಷ್ಟು ದೂರ ಅವರ ಜೊತೆ ನಾನು ಹೋಗಲಾರೆ. ನೋವು ನಿಜ.

ಇನ್ನು ಗಡಿಯಾರದ ಲೆಕ್ಕ. ಮೊದಲ ನೋವು ಕಂಡ ಕೂಡಲೇ ಗಾಬರಿಯಿಂದ ಆಸ್ಪತ್ರೆಗೆ ಓಡಿ, 'ಇನ್ನೂ ಹೊತ್ತಿದೆ' ಎಂದು ವಾಪಸು ಕಳುಹಿಸಿದಾಗ ಅರ್ಧ ಧೈರ್ಯ ಅಲ್ಲಿಯೇ ಕರಗುತ್ತದೆ. ಸುಳ್ಳುನೋವು ಬಂದು ಹೋಗುತ್ತದೆ. ನಿಜವಾದ ನೋವಿನ ಅಂತರ ಕಡಿಮೆಯಾಗುತ್ತಾ, ಬಿರುಸು ಹೆಚ್ಚುತ್ತಾ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯ ಪ್ರಕಾರ ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆಯೇ ಹೆರಿಗೆಯ ಚುರುಕಿನ ಹಂತ. ಚೊಚ್ಚಲ ಹೆರಿಗೆಯಲ್ಲಿ ಅಲ್ಲಿಂದ ಪೂರ್ತಿ 10 ಸೆಂಟಿಮೀಟರ್ ತೆರೆಯುವುದು ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ. ಅದಕ್ಕೆ ಮುಂಚಿನ ಹೊತ್ತಿಗೆ ಹೀಗೆ ಲೆಕ್ಕವಿಲ್ಲ. 'ಎರಡು ದಿನದ ನೋವಿನ' ಎಷ್ಟೋ ಕಥೆಗಳಲ್ಲಿ ಈ ನಿಧಾನದ ಹೊತ್ತೂ ಸೇರಿರುತ್ತದೆ. ಹಾಗೆಂದು ನೀರು ಹೋದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಗಡಿಯಾರ ನೋಡುತ್ತಾ ಕೂರಬಾರದು. ತಾಯಿ ಕಾರ್ಡ್ ಹಿಡಿದು ಹೊರಡಬೇಕು.

ಹೆರಿಗೆಯ ಉದ್ದಕ್ಕೂ ಪಕ್ಕದಲ್ಲಿ ಒಬ್ಬರಿದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದ 2017ರ ಕಾಕ್ರೇನ್ ವಿಮರ್ಶೆ ಹೇಳಿತು. ಅದರಲ್ಲಿ 15,000ಕ್ಕೂ ಹೆಚ್ಚು ಮಹಿಳೆಯರ ಮಾಹಿತಿ ಇತ್ತು. ಇಷ್ಟಾದರೂ ಸಿಸೇರಿಯನ್ ಆದವಳಿಗೆ 'ಧೈರ್ಯ ಸಾಲಲಿಲ್ಲ' ಎನ್ನುವವರಿದ್ದಾರೆ. ಮಗು ಅಡ್ಡವಾಗಿ ಮಲಗಿದ್ದರೆ ಯಾವ ಧೈರ್ಯವೂ ಅದನ್ನು ತಿರುಗಿಸುವುದಿಲ್ಲ.

ಆರತಿಯ ನಂತರ ಹುಡುಗಿ, ಎರಡು ದಿನ ನೋವು ತಿಂದ ಅಜ್ಜಿಯ ಪಕ್ಕಕ್ಕೆ ಸರಿದು, "ಆ ಎರಡು ದಿನ ಏನು ಮಾಡುತ್ತಿದ್ದಿರಿ ಅಜ್ಜಿ?" ಎಂದು ಕೇಳಿದಳು. ಅಜ್ಜಿ ಒಂದಿಷ್ಟು ಯೋಚಿಸಿದರು. "ಮೊದಲನೆಯ ದಿನ ರಾಗಿ ಬೀಸಿದೆ," ಎಂದರು.