ಲಿಟ್ಮಸ್ ಟೆಸ್ಟ್ ಎಂದರೆ ಅಗ್ನಿಪರೀಕ್ಷೆಯಲ್ಲ

ಉಪಚುನಾವಣೆ ಘೋಷಣೆಯಾದರೆ ಸಾಕು, ಅದು ಯಾರಾದರೊಬ್ಬರಿಗೆ ‘ಲಿಟ್ಮಸ್ ಟೆಸ್ಟ್’ ಆಗಿಬಿಡುತ್ತದೆ. ಹೊಸ ನಾಯಕನ ತಂಡ ವಿದೇಶ ಪ್ರವಾಸಕ್ಕೆ ಹೊರಟರೆ ಅದೂ ಲಿಟ್ಮಸ್ ಟೆಸ್ಟ್. ಸಚಿವರ ಮೊದಲ ಅಧಿವೇಶನ, ನಟನ ಎರಡನೇ ಚಿತ್ರ, ಹೊಸ ಮೇಲ್ಸೇತುವೆಗೆ ಬಂದ ಮೊದಲ ಮಳೆಗಾಲ, ಎಲ್ಲಕ್ಕೂ ಇದೇ ಮಾತು. ಬರೆಯುವವರ ಮನಸ್ಸಿನಲ್ಲಿರುವುದು ‘ಕಠಿಣ ಪರೀಕ್ಷೆ’ ಎಂಬ ಅರ್ಥ. ಆದರೆ ಈ ನುಡಿಗಟ್ಟಿನಲ್ಲಿ ಕಷ್ಟದ ಸುಳಿವೇ ಇಲ್ಲ. ದ್ರವ ಆಮ್ಲವೋ ಪ್ರತ್ಯಾಮ್ಲವೋ ಎಂದು ಬಣ್ಣ ಬದಲಿಸಿ ತಿಳಿಸುವ ಲಿಟ್ಮಸ್ ಕಾಗದ ಅದ್ದಿದರೆ ದ್ರವಕ್ಕೆ ಏನೂ ಆಗುವುದಿಲ್ಲ. ಅದು ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಮೊದಲಿನಿಂದ ಏನಾಗಿತ್ತೋ ಅದು ಕಣ್ಣಿಗೆ ಕಾಣುತ್ತದೆ, ಅಷ್ಟೇ.

ಪದದ ಬೇರು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಲ್ಲಿದೆ. ಮೊದಲರ್ಧಕ್ಕೆ ಬಣ್ಣ ಎಂಬ ಅರ್ಥ, ಎರಡನೆಯದಕ್ಕೆ ಪಾಚಿ. ಹೆಸರಿನಲ್ಲಿ ಪಾಚಿಯಿದ್ದರೂ ವಸ್ತು ಪಾಚಿಯಲ್ಲ, ಕಲ್ಲುಹೂ. ಶಿಲೀಂಧ್ರವೂ ಶೈವಲವೂ ಒಂದಾಗಿ ಬಾಳುವ ಜೀವಿ. ನಮ್ಮಲ್ಲಿ ಮಸಾಲೆ ಪುಡಿಗೆ ಹುರಿದು ಹಾಕುವ ಕಲ್ಲುಹೂವೂ ಇದೇ ಬಳಗದ್ದು, ಜಾತಿ ಮಾತ್ರ ಬೇರೆ. ಲಿಟ್ಮಸ್ ತಯಾರಿಕೆಗೆ ಹೆಸರಾದದ್ದು ಕಡಲತೀರದ ಬಂಡೆಗಳ ಮೇಲೆ ಬೆಳೆಯುವ ರೊಸೆಲ್ಲಾ. ಈ ಕಸುಬಿನಲ್ಲಿ ಡಚ್ಚರು ಪಳಗಿದ್ದರು. ಕಲ್ಲುಹೂವನ್ನು ಪುಡಿಮಾಡಿ, ಮೂತ್ರ, ಸುಣ್ಣ, ಪೊಟ್ಯಾಷ್ ಬೆರೆಸಿ ವಾರಗಟ್ಟಲೆ ಕೊಳೆಯಲು ಬಿಡುತ್ತಿದ್ದರು. ಮೂತ್ರದಿಂದ ಅಮೋನಿಯಾ ಹುಟ್ಟಿ, ಗಾಳಿಯ ಆಮ್ಲಜನಕವೂ ಸೇರಿ, ಕಲಸಿದ ಮುದ್ದೆ ಮೊದಲು ಕೆಂಪಾಗಿ, ನೇರಳೆಗೆ ತಿರುಗಿ, ಕೊನೆಗೆ ನೀಲಿಯಾಗುತ್ತಿತ್ತು. ಶಾಲೆಯ ಪ್ರಯೋಗಾಲಯದ ಅಚ್ಚುಕಟ್ಟಾದ ನೀಲಿ ಪಟ್ಟಿಯ ಹಿಂದೆ ಇಷ್ಟು ದುರ್ವಾಸನೆಯ ಇತಿಹಾಸವಿದೆ. 17ನೇ ಶತಮಾನದಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ ಹೂವಿನ ರಸ ಹಾಗೂ ಇಂಥ ಸಸ್ಯವರ್ಣಗಳ ಮೇಲೆ ಆಮ್ಲ, ಕ್ಷಾರಗಳನ್ನು ಸುರಿದು ನೋಡಿ, ಬಣ್ಣದ ಬದಲಾವಣೆಯಿಂದಲೇ ವಸ್ತುಗಳನ್ನು ವಿಂಗಡಿಸಬಹುದೆಂದು ತೋರಿಸಿದ.

ಈ ಸಂಗತಿ ಅರಿಯಲು ಬಾಯ್ಲ್‌ವರೆಗೆ ಹೋಗಬೇಕಾಗಿಯೂ ಇಲ್ಲ. ಆರತಿ ನೀರಿಗೆ ಅರಿಶಿನ ಕದಡಿ ಚಿಟಿಕೆ ಸುಣ್ಣ ಹಾಕಿದ ಕೂಡಲೇ ನೀರು ಕೆಂಪಾಗುತ್ತದೆ. ಸುಣ್ಣ ಪ್ರತ್ಯಾಮ್ಲ; ಅರಿಶಿನ ಅದನ್ನು ಹೇಳಿಕೊಡುತ್ತದೆ. ಅದೇ ನೀರಿಗೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ನಿಜಾರ್ಥದ ಲಿಟ್ಮಸ್ ಪರೀಕ್ಷೆ ಎಂದರೆ ಇಷ್ಟೇ: ನೀಲಿ ಕಾಗದ ಆಮ್ಲದಲ್ಲಿ ಕೆಂಪಾಗುತ್ತದೆ, ಕೆಂಪು ಕಾಗದ ಪ್ರತ್ಯಾಮ್ಲದಲ್ಲಿ ನೀಲಿಯಾಗುತ್ತದೆ. ಆಮ್ಲ, ಪ್ರತ್ಯಾಮ್ಲಗಳ ಅಳತೆಗೋಲಾದ ಪಿಎಚ್‌ನಲ್ಲಿ ಬಣ್ಣ ಹೊರಳುವುದು ಸರಿಸುಮಾರು 4.5ರಿಂದ 8.3ರ ನಡುವೆ. ಆಮ್ಲ ಎಷ್ಟು ತೀಕ್ಷ್ಣ ಎಂಬುದನ್ನು ಅದು ಹೇಳಲಾರದು. ನಿಂಬೆರಸಕ್ಕೂ ಗಂಧಕಾಮ್ಲಕ್ಕೂ ಕಾಗದ ಒಂದೇ ರೀತಿ ಕೆಂಪಾಗುತ್ತದೆ.

ಸಾಂಕೇತಿಕ ಅರ್ಥ ಹುಟ್ಟಿದ್ದು ನೇರವಾಗಿ ಇಲ್ಲಿಂದಲೇ. ಒಂದೇ ಪ್ರಶ್ನೆ, ಒಂದೇ ಗುರುತು, ಆಚೆಯೋ ಈಚೆಯೋ ಎಂಬ ತೀರ್ಪು. ಅಮೆರಿಕದ ರಾಜಕಾರಣದಲ್ಲಿ ಈ ಮಾತು ಬೇರೂರಿದ್ದು ಇದೇ ಅರ್ಥದಲ್ಲಿ. ಅಲ್ಲಿನ ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಯೊಬ್ಬರ ಹೆಸರು ಬಂದಾಗ, ಗರ್ಭಪಾತದ ಹಕ್ಕಿನ ಕುರಿತು ಅವರ ನಿಲುವೇನು ಎಂಬ ಒಂದೇ ಪ್ರಶ್ನೆಯಿಂದ ಅವರನ್ನು ಒಪ್ಪುವುದೋ ಬಿಡುವುದೋ ಎಂದು ಅಳೆಯುವವರಿದ್ದರು. ಆ ಹಕ್ಕನ್ನು ಎತ್ತಿಹಿಡಿದಿದ್ದ 1973ರ ರೋ ತೀರ್ಪು 2022ರಲ್ಲಿ ರದ್ದಾಗುವವರೆಗೂ ಈ ಜಗ್ಗಾಟ ನಡೆಯಿತು. ಅಲ್ಲಿ ಅದು ಆಕ್ಷೇಪದ ಮಾತು ಕೂಡ: ಒಬ್ಬ ಮನುಷ್ಯನ ವಿದ್ವತ್ತು, ಅನುಭವ ಎಲ್ಲವನ್ನೂ ಪಕ್ಕಕ್ಕಿಟ್ಟು ಒಂದೇ ಪಟ್ಟಿ ಅದ್ದಿ ನೋಡುವುದು ನ್ಯಾಯವೇ ಎಂಬ ದೂರು ಆ ಪದದೊಳಗೇ ಇದೆ.

ಹಾಗಾಗಿ ‘ಪಕ್ಷದ ಜನಪ್ರಿಯತೆ ಎಷ್ಟು ಕುಸಿದಿದೆ ಎಂಬುದಕ್ಕೆ ಲಿಟ್ಮಸ್ ಟೆಸ್ಟ್’ ಎಂದು ಬರೆಯುವುದು ತಪ್ಪು. ‘ಎಷ್ಟು’ ಎಂಬುದು ಲಿಟ್ಮಸ್‌ಗೆ ಸಂಬಂಧಿಸಿದ ಪ್ರಶ್ನೆಯೇ ಅಲ್ಲ. ‘ಗ್ರಾಮೀಣ ಮತದಾರ ಸರ್ಕಾರದ ಪರವೋ ವಿರೋಧವೋ ಎಂಬುದಕ್ಕೆ ಈ ಪಂಚಾಯಿತಿ ಚುನಾವಣೆ ಲಿಟ್ಮಸ್ ಟೆಸ್ಟ್’ ಎಂದರೆ ಸರಿ. ಅಲ್ಲಿಯೂ ‘ದಿಕ್ಸೂಚಿ’ ಎಂಬ ನಮ್ಮ ಪತ್ರಿಕೆಗಳ ಹಳೆಯ ಪದ ಇನ್ನೂ ಚೆನ್ನಾಗಿ ಕೂರುತ್ತದೆ. ಇನ್ನೊಂದು ಎಚ್ಚರವೂ ಬೇಕು. ನೀಲಿ ಕಾಗದ ನೀಲಿಯಾಗಿಯೇ ಉಳಿದರೆ ದ್ರವ ಪ್ರತ್ಯಾಮ್ಲವೆಂದು ಸಾಬೀತಾಗುವುದಿಲ್ಲ. ಅದು ಬರಿಯ ನೀರಿರಬಹುದು. ಒಬ್ಬ ಶಾಸಕ ಒಂದು ಮಸೂದೆಯನ್ನು ವಿರೋಧಿಸಲಿಲ್ಲ ಎಂಬುದರಿಂದ ಆತ ಅದರ ಪರ ಎಂದು ತೀರ್ಮಾನಿಸುವ ವಿಶ್ಲೇಷಣೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಗೊಂದಲದ ಇನ್ನೊಂದು ತುದಿಯಲ್ಲಿ ‘ಆಸಿಡ್ ಟೆಸ್ಟ್’ ಇದೆ. ಎರಡರಲ್ಲೂ ಆಮ್ಲ ಇರುವುದರಿಂದ ಒಂದರ ಜಾಗಕ್ಕೆ ಇನ್ನೊಂದನ್ನು ಎಳೆದು ತರುತ್ತಾರೆ. ಆಸಿಡ್ ಟೆಸ್ಟ್ ಚಿನ್ನದ ಪರೀಕ್ಷೆ. ಅಕ್ಕಸಾಲಿಗರು ಒಡವೆಯನ್ನು ಒರೆಗಲ್ಲಿಗೆ ಉಜ್ಜುತ್ತಾರೆ, ಕಪ್ಪು ಕಲ್ಲಿನ ಮೇಲೆ ಹಳದಿ ಗೀರು ಬೀಳುತ್ತದೆ, ಅದರ ಮೇಲೆ ನೈಟ್ರಿಕ್ ಆಮ್ಲದ ಹನಿ ಬಿಡುತ್ತಾರೆ. ಹಿತ್ತಾಳೆಯಾದರೆ ಗೀರು ಹಸಿರಾಗಿ ಕರಗಿಹೋಗುತ್ತದೆ, ಚಿನ್ನವಾದರೆ ಉಳಿಯುತ್ತದೆ. ಇಲ್ಲಿ ವಸ್ತು ತಾಳಿಕೊಳ್ಳಬೇಕು, ಖೋಟಾ ಆದದ್ದು ನಾಶವಾಗಬೇಕು. 1918ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಮೊದಲ ಮಹಾಯುದ್ಧ ಮುಗಿಸುವ ಶಾಂತಿಗಾಗಿ ತಮ್ಮ 14 ಅಂಶಗಳನ್ನು ಮಂಡಿಸಿದಾಗ, ರಷ್ಯಾವನ್ನು ಇತರ ರಾಷ್ಟ್ರಗಳು ಹೇಗೆ ನಡೆಸಿಕೊಳ್ಳುತ್ತವೆ ಎಂಬುದು ಅವುಗಳ ಸದ್ಭಾವನೆಗೆ ಆಸಿಡ್ ಟೆಸ್ಟ್ ಎಂದಿದ್ದರು. ಬಾಯಿಮಾತಿನ ಸ್ನೇಹ ಹನಿ ಬಿದ್ದಾಗ ಉಳಿಯುತ್ತದೆಯೇ ಎಂಬುದು ಅವರ ಪ್ರಶ್ನೆ. ಪದ ಸರಿಯಾದ ಜಾಗದಲ್ಲಿ ಬಿದ್ದಿದೆ. ಇದನ್ನು ಕನ್ನಡದಲ್ಲಿ ಹೇಳಲು ‘ಒರೆಗೆ ಹಚ್ಚುವುದು’ ಇರುವಾಗ ಆಸಿಡ್ ಏಕೆ ಬೇಕೋ ನನಗೆ ಅರ್ಥವಾಗಿಲ್ಲ.

ಅಗ್ನಿಪರೀಕ್ಷೆ ಇವೆರಡೂ ಅಲ್ಲ. ಅಲ್ಲಿ ನೋವಿದೆ, ಅವಮಾನವಿದೆ, ತನ್ನ ತಪ್ಪಿಲ್ಲದೆ ಬೆಂಕಿಗೆ ನಡೆದವಳ ಕಥೆಯಿದೆ. ಕ್ರಿಕೆಟ್ ಪ್ರವಾಸಕ್ಕೆ ‘ಸತ್ವಪರೀಕ್ಷೆ’ ಸಾಕು.

ಆಸಿಡ್ ಟೆಸ್ಟ್ ರೂಪಕವಾಗಿದ್ದರೂ ಕಟ್ಟುನಿಟ್ಟಾದ ಅರ್ಥ ಉಳಿಸಿಕೊಂಡಿರುವುದು ಲೆಕ್ಕಶಾಸ್ತ್ರದಲ್ಲಿ. ಬಿಕಾಂ ವಿದ್ಯಾರ್ಥಿಗಳು ಕಲಿಯುವ ಆಸಿಡ್ ಟೆಸ್ಟ್ ಅನುಪಾತದಲ್ಲಿ ಕಂಪನಿಯ ಚಾಲ್ತಿ ಆಸ್ತಿಯಿಂದ ಗೋದಾಮಿನ ಸರಕನ್ನು ಕಳೆದು, ಉಳಿದದ್ದನ್ನು ಚಾಲ್ತಿ ಸಾಲದಿಂದ ಭಾಗಿಸುತ್ತಾರೆ. ಸರಕು ಮಾರಾಟವಾಗದೆ ಕೂತರೂ ಸಾಲ ತೀರಿಸಬಲ್ಲದೇ ಎಂದು ನೋಡುವ ಲೆಕ್ಕ ಅದು. ಅನುಪಾತ 1ಕ್ಕಿಂತ ಕೆಳಗಿದ್ದರೆ ಸಾಲ ಕೊಟ್ಟವರು ಇನ್ನಷ್ಟು ಪ್ರಶ್ನೆ ಕೇಳುತ್ತಾರೆ.